ಗದಿಗೆವ್ವ ಬಂದೂಕು ಹಿಡಿದದ್ದು

ಡೋಣಿ ಊರಿನ ಗದಿಗೆವ್ವ ಬಂದೂಕು ಹಿಡಿದದ್ದು ಐವತ್ತು ದಾಟಿದ ಮೇಲೆ. ಅದಕ್ಕೂ ಮೊದಲು ಅವಳು ಗಂಡ ಅಂದಾನಪ್ಪನ ಪಾಲಿಗೆ ಕಣ್ಣಾಗಿದ್ದಳು.

ಅಂದಾನಪ್ಪನ ಬಳಿ ಅಪ್ಪನ ಕಾಲದ ರೈಫಲ್ ಇತ್ತು, ಬೆಳೆ ಕಾಯಲೆಂದು ಲೈಸೆನ್ಸ್ ಪಡೆದದ್ದು. ಬೋಲ್ಟನ್ನು ಹಿಂದಕ್ಕೆಳೆದು ಕಾಡತೂಸುಗಳನ್ನು ಒಂದರ ಮೇಲೊಂದು ಒತ್ತಿ ತುಂಬಬೇಕು. ಪ್ರತಿ ಕಾಡತೂಸಿನ ಬುಡದಲ್ಲೂ ಹಿತ್ತಾಳೆಯ ಅಂಚು ಹೊರಚಾಚಿರುತ್ತದೆ. ಮೇಲಿನದರ ಅಂಚು ಕೆಳಗಿನದಕ್ಕಿಂತ ಮುಂದೆ ಕೂರಬೇಕು. ಹಿಂದೆ ಕೂತರೆ ಎರಡೂ ಸಿಕ್ಕಿಕೊಂಡು ಬೋಲ್ಟ್ ಅರ್ಧಕ್ಕೇ ನಿಲ್ಲುತ್ತದೆ. ಸಕ್ಕರೆ ಕಾಯಿಲೆಯಿಂದ ಅವನ ದೃಷ್ಟಿ ಮಂಜಾದಾಗಿನಿಂದ ತುಂಬುವ ಕೆಲಸ ಗದಿಗೆವ್ವನದಾಗಿತ್ತು.

ಶೇಂಗಾ ಕಾಯಿ ಬಲಿಯುವ ದಿನಗಳಲ್ಲಿ ನಸುಕಿಗೇ ಇಬ್ಬರೂ ಹೊಲದ ಅಟ್ಟ ಹತ್ತಿ ಕೂರುತ್ತಿದ್ದರು. ಕಪ್ಪತಗುಡ್ಡದಿಂದ ಮಂಜು ಇಳಿದು ಬಂದು ಬದು, ಬೇವಿನ ಮರ, ದಾರಿ ಎಲ್ಲವನ್ನೂ ಕರಗಿಸಿಬಿಡುತ್ತಿತ್ತು. ಅಟ್ಟವೊಂದೇ ಹಾಲಿನ ಮೇಲೆ ತೇಲಿದಂತೆ ಉಳಿಯುತ್ತಿತ್ತು.

"ಏನ್ ಬಂದಾವ?" ಎಂದು ಅಂದಾನಪ್ಪ ಪಿಸುಗುಡುತ್ತಿದ್ದ.

"ಹಂದಿ ಬಂದಾವ್ರಿ, ಬಡಗ ದಿಕ್ಕಿಗೆ" ಎಂದು ಅವಳು ಅಂದರೆ, ಅವನು ನಳಿಗೆಯನ್ನು ಆಕಾಶಕ್ಕೆತ್ತಿ ಹಾರಿಸುತ್ತಿದ್ದ. ಹಂದಿಗಳು ಓಡುತ್ತಿದ್ದವು.

ಒಂದು ಮುಂಜಾನೆ ತಾಯಿಹಂದಿಯೊಂದು ಮರಿಗಳ ಜತೆ ಮಂಜಿನೊಳಗಿಂದ ಮೂಡಿತು. ಮರಿಗಳ ಬೆನ್ನಿನ ಪಟ್ಟೆಗಳು ನೀರಿನಲ್ಲಿ ಅಲುಗುವ ನೆರಳಿನಂತಿದ್ದವು. ಆ ನಿಶ್ಶಬ್ದವನ್ನು ಒಡೆಯಲು ಗದಿಗೆವ್ವನಿಗೆ ಮನಸ್ಸಾಗಲಿಲ್ಲ.

"ಹಂದಿ ಅಲ್ರಿ, ಚಿಗರಿ ಬಂದಾವ" ಎಂದಳು.

"ಚಿಗರಿ ಇತ್ತಾಗ ಬಂದು ಎಷ್ಟ್ ವರ್ಷ ಆತು. ಹೆಂಗ ಅದಾವ?"

ಅವಳು ಹೇಳುತ್ತ ಹೋದಳು. ಮುಂದಿನ ಜಿಂಕೆಯ ಕೋಡಿಗೆ ಮಂಜು ಸುತ್ತಿಕೊಂಡಿದೆ, ಒಂದು ಎಲೆಯ ಮೇಲಿನ ಇಬ್ಬನಿ ನೆಕ್ಕುತ್ತಿದೆ, ಎಳೆಯದೊಂದು ತಾಯಿಯ ಹೊಟ್ಟೆಗೆ ಮುಖ ಒತ್ತಿ ನಿಂತೇ ನಿದ್ದೆ ಮಾಡುತ್ತಿದೆ. ಅಂದಾನಪ್ಪ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕೇಳಿದ. ಮರುದಿನವೂ ಚಿಗರಿ ಬಂದವು, ಅದರ ಮರುದಿನವೂ. ಹೇಳುತ್ತ ಹೇಳುತ್ತ ಅವಳಿಗೂ ಅವು ಕಾಣತೊಡಗಿದ್ದವು.

ಆದರೆ ಹೊಲದಲ್ಲಿ ನಡೆಯುವಾಗ ಅಂದಾನಪ್ಪನ ಕಾಲಿಗೆ ಹಂದಿಗಳು ಕಿತ್ತ ಬಳ್ಳಿ, ಅಗಿದು ಉಗುಳಿದ ಸಿಪ್ಪೆ ಸಿಕ್ಕವು. ಮಾರನೆಯ ದಿನ ಅವಳು ಎಮ್ಮೆ ಹಿಂಡುತ್ತಿದ್ದಾಗ ಅವನು ತಾನೇ ತಡವರಿಸಿ ಬಂದೂಕು ತುಂಬಿಕೊಂಡ.

ಅಟ್ಟದಲ್ಲಿ ಕೂತು ತುಸು ಹೊತ್ತಾಗಿತ್ತು. ಬದುವಿನ ಕಡೆ ಎಲೆಗಳು ಸರಸರ ಅಂದವು. ಅಂದಾನಪ್ಪ ನಳಿಗೆಯನ್ನು ಸದ್ದಿನ ಕಡೆ ಇಳಿಸಿದ. ಅಲ್ಲಿ ಪಕ್ಕದ ಹೊಲದ ಫಕೀರಬಿ ಬಗ್ಗಿ ಹಕ್ಕರಕಿ ಸೊಪ್ಪು ಕೀಳುತ್ತಿದ್ದಳು.

"ಬ್ಯಾಡ್ರಿ, ಅಲ್ಲೆ ಮನಷ್ಯಾರದಾರ."

"ಇವತ್ತ ಮನಷ್ಯಾರು, ನಿನ್ನಿ ಚಿಗರಿ" ಎಂದು ಅವನು ಬೋಲ್ಟನ್ನು ಮುಂದಕ್ಕೆ ತಳ್ಳಿದ.

ಅದು ಅರ್ಧಕ್ಕೇ ನಿಂತಿತು. ಮತ್ತೆ ತಳ್ಳಿದ, ಹೋಗಲಿಲ್ಲ. ಗದಿಗೆವ್ವ ನಳಿಗೆಯನ್ನು ಹಿಡಿದು ಮೇಲೆತ್ತಿದಳು. ಅಷ್ಟರಲ್ಲಿ ಕೆಳಗಿನಿಂದ ಫಕೀರಬಿಯ ದನಿ ಬಂತು.

"ಅಕ್ಕಾರ, ಹಕ್ಕರಕಿ ಎಳೀದ ಐತ್ರಿ. ಅಣ್ಣಾರಿಗೆ ರೊಟ್ಟಿ ಜತಿ ಕೊಡ್ರಿ."

ಗದಿಗೆವ್ವ ಬಾಗಿ ಸೊಪ್ಪು ತೆಗೆದುಕೊಂಡಳು. ಫಕೀರಬಿಯ ಹೆಜ್ಜೆಯ ಸದ್ದು ದೂರವಾಗುವ ತನಕ ಅಂದಾನಪ್ಪ ಕಿವಿಗೊಟ್ಟು ಕೂತಿದ್ದ. ಗದಿಗೆವ್ವ ಕಾಡತೂಸುಗಳನ್ನು ಹೊರತೆಗೆದಳು. ಮೇಲಿನದರ ಅಂಚು ಕೆಳಗಿನದರ ಹಿಂದೆ ಸಿಕ್ಕಿಕೊಂಡಿತ್ತು.

"ನಾ ಸುಳ್ಳ ಹೇಳಿದ್ದಕ್ಕ ಹಿಂಗಾತು" ಎಂದಳು.

"ಚಿಗರಿ ಇಲ್ಲ ಅಂತ ನನಗ ಮೊದಲಿಂದನ ಗೊತ್ತಿತ್ತು. ನೀ ಹೇಳೂದು ಚೊಲೋ ಅನಸ್ತಿತ್ತು, ಸುಮ್ನಿದ್ದೆ" ಎಂದು ಅವನು ಕೈಯನ್ನು ಅವಳ ಕೈಮೇಲಿಟ್ಟ. "ಇದನ್ನ ನಿನ್ನ ಹೆಸರಿಗೆ ಮಾಡಸೂಣು. ಇನ್ನ ನಾ ಮುಟ್ಟಂಗಿಲ್ಲ."

ಲೈಸೆನ್ಸಿಗಾಗಿ ಗದಗಕ್ಕೆ ಬಸ್ಸಿನಲ್ಲಿ ಹಲವು ಸಲ ಓಡಾಡಿದರು. ಪೊಲೀಸ್ ಮೈದಾನದ ತರಬೇತಿಗೆ ಗದಿಗೆವ್ವ ಇಳಕಲ್ ಸೀರೆಯ ಸೆರಗು ಸಿಕ್ಕಿಸಿಕೊಂಡೇ ಹೋದಳು. ಮೊದಲ ಗುಂಡಿಗೆ ಬಂದೂಕು ಹೆಗಲಿಗೆ ಒದ್ದಿತು. ಆಮೇಲೆ ಕಿವಿ ತುಂಬ ಒಂದು ದೊಡ್ಡ ಮೌನ. ಆ ಮೌನದಲ್ಲಿ ಅವಳಿಗೆ ಹೆದರಿಕೆಯಾಗಲಿಲ್ಲ. ಊರಿಗೆ ಬಂದವಳೇ ಫಕೀರಬಿಯನ್ನು ಕೂರಿಸಿ ಆದದ್ದನ್ನೆಲ್ಲ ಹೇಳಿದಳು. ಫಕೀರಬಿ, "ಇನ್ನ ಮ್ಯಾಲೆ ಬರೂಮುಂದ ಕೂಗಿ ಬರ್ತೀನಕ್ಕಾ" ಎಂದಳು.

ಮುಂದಿನ ಹಂಗಾಮಿನಲ್ಲಿ ಹಂದಿಗಳು ಶೇಂಗಾದೊಳಗೆ ನುಗ್ಗಿದ ಮುಂಜಾನೆ ಗದಿಗೆವ್ವ ಎದ್ದು ನಿಂತು ಆಕಾಶಕ್ಕೆ ಹಾರಿಸಿದಳು. ಸದ್ದು ಗುಡ್ಡದಿಂದ ಗುಡ್ಡಕ್ಕೆ ಉರುಳಿಕೊಂಡು ಹೋಗಿ ಎಲ್ಲೋ ಮುಂಡರಗಿಯ ಕಡೆ ತಣ್ಣಗಾಯಿತು. ಹಂದಿಗಳು ಹಳ್ಳ ದಾಟಿದವು. ಅಂದಾನಪ್ಪ ಮುಖವೆತ್ತಿ ಆ ಸದ್ದು ಹೋದ ದಾರಿಯನ್ನೇ ಆಲಿಸುತ್ತಿದ್ದ.

"ಬಿಸಲ ಬಂತೇನು?" ಎಂದು ಕೇಳಿದ.

"ಈಗ ಬರಾಕ ಹತ್ತೇತ್ರಿ" ಎಂದು ಅವಳು ಅವನ ಪಕ್ಕ ಕೂತಳು.