ಗಡಿಯವರೆಗೆ ಓಡುವ ರೆಫ್ರಿ

ಗುಡುಸಾಬನಿಗೆ ಧೈರ್ಯ ಇಲ್ಲ. ಬೆಟಗೇರಿಯ ಪಿಂಜಾರ ಓಣಿಯಲ್ಲಿ ಇದೇನು ಗುಟ್ಟಲ್ಲ. ಕೇಳಿದರೆ ಅವನೇ ಮೊದಲು ಹೇಳುತ್ತಾನೆ: "ನಾಯಿ ಬೊಗಳಿದ್ರ ಓಣಿ ಬದಲಿ ಮಾಡಾಂವ ನಾ. ಖರೆ ಹೇಳಾಕ ಎಂಥಾ ನಾಚಿಕಿರಿ?"

ಇಂಥವನು ಹದಿನೆಂಟು ವರ್ಷದಿಂದ ಫುಟ್‌ಬಾಲ್ ರೆಫ್ರಿ.

ನಸುಕು ಹರಿಯುತ್ತಿದೆ. ಶಿರಹಟ್ಟಿಯ ಹೊರಗಿನ ಬಯಲಿನಲ್ಲಿ ಗುಡುಸಾಬ ಒಬ್ಬನೇ ತಿರುಗಾಡುತ್ತಿದ್ದಾನೆ. ಮೊನ್ನೆ ನವೆಂಬರ್ ಒಂದಕ್ಕೆ ನಾಡು ಒಂದಾಯಿತಲ್ಲ, ಅದರ ಸಂತೋಷಕ್ಕೆ ಇವತ್ತು ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ಪಂದ್ಯ. ಗೋಲಿನ ಕಂಬ ನೆಟ್ಟಗಿವೆಯೋ ಇಲ್ಲವೋ ಅವನು ಆಮೇಲೆ ನೋಡುತ್ತಾನೆ. ಜನ ಯಾವ ಕಡೆ ಕೂಡುತ್ತಾರೆ, ಯಾವ ಕಡೆ ಬಯಲು ಉಳಿಯುತ್ತದೆ, ಅದು ಮೊದಲು. ಬಯಲಿನ ಅಂಚಿನಿಂದ ದೂರದ ಜಾಲಿ ಮರದವರೆಗೆ ನಡೆದು, ಕಾಲಿಗೆ ಎಡವುವ ಕಲ್ಲುಗಳನ್ನೆಲ್ಲ ಆರಿಸಿ ಬದಿಗೆ ಎಸೆಯುತ್ತಾನೆ.

ಶಿರಹಟ್ಟಿ ತಂಡದ ಹಿರಿಯ ಅಂದಾನಪ್ಪ ತಂಬಿಗೆ ಹಿಡಿದು ಹೊಲದ ಕಡೆ ಹೊರಟವನು ನಿಂತು ನಗುತ್ತಾನೆ.

"ಏನ ಗುಡುಸಾಬ, ಆಟ ಇನ್ನಾ ಹೊತ್ತಿಳಿದ ಮ್ಯಾಲ ಐತಿ. ಈಗಿಂದನ ಓಡೂ ತಾಲೀಮು ನಡಸೀಯೇನ?"

"ದಾರಿ ಹಸನ ಇರ್ಲಿ ಅಂತರಿ, ಯಜಮಾನ್ರ."

"ಓಡಿ ಎಲ್ಲಿಗಿ ಹೋಗ್ತಿಯೋ? ಈಗ ಎಲ್ಲಾ ಒಂದ ರಾಜ್ಯ ಆಗೇತಿ!"

ಅಂದಾನಪ್ಪ ಹೊಟ್ಟೆ ಹಿಡಿದು ನಗುತ್ತಾನೆ. ಗುಡುಸಾಬನಿಗೆ ನಗು ಬರುವುದಿಲ್ಲ.

ಹಳೆಯ ನಕಾಶೆ ಗೊತ್ತಿದ್ದವರಿಗಷ್ಟೇ ಈ ಮಾತು ತಿಳಿದೀತು. ಆಗ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜಿನದು. ಗದಗ-ಬೆಟಗೇರಿ ಇಂಗ್ರೇಜಿಯವರ ಕೈಯಲ್ಲಿ. ಎರಡು ಸಂಸ್ಥಾನದ ತಂಡಗಳು ಎದುರಾದರೆ ಒಬ್ಬರ ರೆಫ್ರಿಯನ್ನು ಇನ್ನೊಬ್ಬರು ಒಪ್ಪುತ್ತಿರಲಿಲ್ಲ. ಮೂರನೆಯ ಸರಕಾರದ ಮನುಷ್ಯ ಬೇಕಾಗುತ್ತಿತ್ತು. ಗದಗಿನ ರೈಲ್ವೆ ಬಯಲಿನಲ್ಲಿ ಒಬ್ಬ ಗಾರ್ಡನ ಬೆನ್ನು ಹತ್ತಿ ಆಟದ ಕಾನೂನು ಕಲಿತಿದ್ದ ಈ ಪಿಂಜಾರನಿಗೆ ಕರೆ ಬಂತು. ಗಾರ್ಡ ವರ್ಗವಾಗಿ ಹೋಗುವಾಗ ತನ್ನ ಸೀಟಿಯನ್ನು ಇವನ ಕೈಗಿಟ್ಟು ಹೋದ. ಬೆಟಗೇರಿಯ ನೇಕಾರರು ಅಂದಿನಿಂದ ಇವನಿಗೆ 'ಇಂಟರ್‌ನ್ಯಾಶನಲ್ ರೆಫ್ರಿ' ಎಂದೇ ಹೆಸರಿಟ್ಟಿದ್ದಾರೆ. ಬೆಳಿಗ್ಗೆ ಗಾದಿಯ ಹತ್ತಿ ಹಿಂಜಲು ಬಿಲ್ಲು ಹೊತ್ತು ಹೊರಟರೆ ಸಾಕು, ಮಗ್ಗದ ಕುಣಿಯಿಂದಲೇ ಕೂಗು: "ಇವತ್ತ ಯಾವ ದೇಶಕ್ಕ ಸವಾರಿ?"

ಆಗೆಲ್ಲ ಅವನು ಪೆನಾಲ್ಟಿ ಕೊಡುತ್ತಿದ್ದ. ಎಷ್ಟು ಬೇಕಾದರೂ ಕೊಡುತ್ತಿದ್ದ. ಯಾಕೆಂದರೆ ಆ ಜಾಲಿ ಮರದ ಬುಡದಲ್ಲಿ ಗಡಿಕಲ್ಲು ಇತ್ತು. ಕಲ್ಲಿನ ಈಚೆ ಸಾಂಗ್ಲಿ, ಆಚೆ ಇಂಗ್ರೇಜಿ. ಸೋತವರು ಬಡಿಗೆ ಹಿಡಿದು ಬೆನ್ನಟ್ಟಿದರೂ ಕಲ್ಲಿನ ಹತ್ತಿರ ಗಕ್ಕನೆ ನಿಲ್ಲುತ್ತಿದ್ದರು. ದಾಟಿ ಹೊಡೆದರೆ ಗದಗಿನ ಫೌಜದಾರ ಹಿಡಿಯುತ್ತಾನೆ. ಅದು ಎರಡು ಸರಕಾರದ ಖಟ್ಲೆ. ಗುಡುಸಾಬ ಕಲ್ಲಿನಾಚೆ ನಿಂತು, ಅವರ ಬೈಗುಳ ಮುಗಿಯುವವರೆಗೆ ಉಸಿರು ತಿರುಗಿಸಿಕೊಂಡು, ಸಾವಕಾಶ ಗದಗಿನ ದಾರಿ ಹಿಡಿಯುತ್ತಿದ್ದ.

ನಲವತ್ತೆಂಟರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದವು. ಊರೂರಲ್ಲಿ ಸಕ್ಕರೆ ಹಂಚಿದರು. ಯಾರೋ ಆ ಕಲ್ಲು ಕಿತ್ತು ಬಾವಿಯ ಕಟ್ಟೆಗೆ ಹಾಕಿಕೊಂಡರು. ಅಲ್ಲಿಂದ ಈಚೆಗೆ ಗುಡುಸಾಬ ಒಂದೂ ಪೆನಾಲ್ಟಿ ಕೊಟ್ಟಿಲ್ಲ. "ಕಣ್ಣಿಗಿ ಕಾಣತೈತ್ರಿ, ಬಾಯಿ ಏಳಂಗಿಲ್ಲ," ಎನ್ನುತ್ತಾನೆ. ಲಕ್ಷ್ಮೇಶ್ವರದವರು ಅವನನ್ನು ಕುರುಡ ಎನ್ನುತ್ತಾರೆ.

ಹೆಂಡತಿ ಜನ್ನತಬಿ ಹೋಗಬೇಡ ಎಂದು ಹೇಳಿ ಹೇಳಿ ಸೋತಿದ್ದಾಳೆ. ಮನೆಗೆ ಬಂದವರ ಮುಂದೆ ದೂರುತ್ತಾಳೆ: "ರಾತ್ರೆಲ್ಲಾ ನಡಗ್ತಾರ್ರಿ. ಮತ್ತ ಎದ್ದು ಹೊಂಟಬಿಡ್ತಾರ. ಏನೈತಿ ಅಲ್ಲಿ?"

ಗುಡುಸಾಬ ನೆಲ ನೋಡುತ್ತ ಹೇಳುತ್ತಾನೆ: "ಸೀಟಿ ಊದಿದ್ರ ಇಪ್ಪತ್ತೆರಡ ಮಂದಿ ನಿಲ್ತಾರ್ರಿ. ಮನ್ಯಾಗ ನನ್ನ ಮಾತಿಗಿ ಬೆಕ್ಕೂ ನಿಲ್ಲಂಗಿಲ್ಲ."

ಹೊತ್ತು ಇಳಿಯುತ್ತಿದೆ. ಬಯಲಿನ ಸುತ್ತ ಜನ ಕಿಕ್ಕಿರಿದಿದ್ದಾರೆ. ಇನ್ನೂ ಯಾರದೂ ಗೋಲಿಲ್ಲ. ಆಟ ಮುಗಿಯಲು ಬಂದಿದೆ. ಹೀಗೇ ಮುಗಿದರೆ ಗುಡುಸಾಬ ಊಟ ಮಾಡಿ ಬಸ್ಸು ಹತ್ತಬಹುದು. ಅಷ್ಟರಲ್ಲಿ ಲಕ್ಷ್ಮೇಶ್ವರದ ಹುಡುಗನೊಬ್ಬ ಚೆಂಡು ತೆಗೆದುಕೊಂಡು ನುಗ್ಗುತ್ತಾನೆ. ಗೋಲಿನ ಮುಂದೆಯೇ ಶಿರಹಟ್ಟಿಯವನು ಅವನ ಮೊಣಕಾಲಿಗೆ ಒದೆಯುತ್ತಾನೆ. ಎಲ್ಲರೂ ನೋಡಿದ್ದಾರೆ. ಗುಡುಸಾಬನ ಬಾಯಲ್ಲಿ ಸೀಟಿ ಇದೆ. ಊದಬಾರದೆಂದು ಉಸಿರು ಬಿಗಿ ಹಿಡಿಯುತ್ತಾನೆ. ಬಿದ್ದ ಹುಡುಗ ಕಾಲು ಹಿಡಿದು ಚಿಟ್ಟನೆ ಚೀರುತ್ತಾನೆ. ಆ ಕೂಗಿಗೆ ಗುಡುಸಾಬ ಬೆಚ್ಚಿಬೀಳುತ್ತಾನೆ, ಹಿಡಿದ ಉಸಿರು ಹೊರಬೀಳುತ್ತದೆ. ಉಸಿರಿನ ದಾರಿಯಲ್ಲಿ ಸೀಟಿ ಇದೆ.

ಇಪ್ಪತ್ತೆರಡು ಮಂದಿ ನಿಲ್ಲುತ್ತಾರೆ. ಊದಿದ್ದನ್ನು ನುಂಗಲು ಬರುವುದಿಲ್ಲ. ಅವನು ಪೆನಾಲ್ಟಿಯ ಗುರುತಿನತ್ತ ಕೈ ತೋರಿಸುತ್ತಾನೆ. ಗೋಲು ಆಗುತ್ತದೆ. ಮುಗಿಯಿತೆಂದು ಕೊನೆಯ ಸೀಟಿ ಊದುತ್ತಲೇ ಓಟ ಕೀಳುತ್ತಾನೆ.

ಹಿಂದೆ ಬಡಿಗೆ, ಕಲ್ಲು, "ಹಿಡೀರಲೇ ಅವನ್ನ!" ಎಂಬ ಕೂಗು. ಕಾಲಿಗೆ ದಾರಿ ಗೊತ್ತು. ಜಾಲಿ ಮರ ದಾಟಿದ ಕೂಡಲೇ ಗುಡುಸಾಬ ನಿಲ್ಲುತ್ತಾನೆ. ತಿರುಗಿ, ಮೊಣಕಾಲ ಮೇಲೆ ಕೈಯೂರಿ, ಉಸಿರು ತಿರುಗಿಸಿಕೊಳ್ಳುತ್ತಾನೆ. ಎಲ್ಲ ಹಳೆಯ ಪದ್ಧತಿಯಂತೆ.

ಬೆನ್ನಟ್ಟಿ ಬಂದ ಹಳಬರೂ ಮರದ ಹತ್ತಿರ ಗಕ್ಕನೆ ನಿಲ್ಲುತ್ತಾರೆ. ಅಂದಾನಪ್ಪ ಎರಡೂ ಕೈ ಚಾಚಿ ತಡೆಯುತ್ತಾನೆ: "ಏ, ದಾಟಬ್ಯಾಡ್ರಲೇ!" ಯಾಕೆ ದಾಟಬಾರದು ಎಂದು ಅವನಿಗೂ ಹೇಳಲು ಬರುವುದಿಲ್ಲ. ಹುಡುಗರು ಅವನ ಕೈ ಸರಿಸಿ ಮುಂದೆ ಬರುತ್ತಾರೆ. ಅವರ ಕಾಲಿಗೆ ಅಲ್ಲಿ ಯಾವ ಗಡಿಯೂ ತಿಳಿಯುವುದಿಲ್ಲ.

ಈಗ ಗುಡುಸಾಬ ಮನೆಯ ಕಟ್ಟೆಯ ಮೇಲೆ ಕೂತಿದ್ದಾನೆ. ಬಾಯಿ ಬಾತಿದೆ, ಬಲಗೈಗೆ ಬಟ್ಟೆ ಸುತ್ತಿದೆ. ಲಕ್ಷ್ಮೇಶ್ವರದವರು ಬಂದು ಧೈರ್ಯವಂತನೆಂದು ಹಾರ ಹಾಕಿ ಹೋಗಿದ್ದಾರೆ. "ಧೈರ್ಯ ಅಲ್ರಿ, ಉಸಿರು," ಎಂದು ಅವರಿಗೂ ಹೇಳಿದ, ಅವರು ಕೇಳಲಿಲ್ಲ. ಆಮೇಲೆ ತಡೆದು ತಡೆದು ಅನ್ನುತ್ತಾನೆ: "ಆದ್ರ ಪೆನಾಲ್ಟಿ ಖರೇನ ಇತ್ತರಿ."

ಆ ದಿನ ಹೋದವು: ಮುಂದಿನ ಎರಡು ಹಲ್ಲು, ಬಲಗೈಯ ಒಂದು ಬೆರಳು, ಒಂದು ಸೀಟಿ.