ಗಾಯಕಿಯ ಹೆಸರು ಮಾತ್ರ ಬರೆಯಿರಿ

ಮದುವೆಯ ಆಮಂತ್ರಣ ಪತ್ರಿಕೆ ಬರೆಯುವುದರಲ್ಲಿ ನಮ್ಮ ಕುಟುಂಬದಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಜಂಬ ನನಗೆ ಮೊನ್ನೆಯವರೆಗೂ ಇತ್ತು. ಯಾರ ಹೆಸರಿನ ಮುಂದೆ ಶ್ರೀಮಾನ್ ಬೇಕು, ಯಾರನ್ನು ಬಿಟ್ಟರೆ ಊಟಕ್ಕೆ ಬರುವುದಿಲ್ಲ ಎಂಬುದೆಲ್ಲ ಕಂಠಪಾಠ. ಹಬ್ಬುವಾಡದ ನನ್ನ ಮನೆಗೆ ಜನ ಇದಕ್ಕೆಂದೇ ಬರುತ್ತಾರೆ. ಜಂಬ ಇಳಿಸಿದ್ದು ಒಂದು ಹಾಡಿನ ಫಾರ್ಮು.

ಅಮದಳ್ಳಿಯಲ್ಲಿರುವ ನನ್ನ ಸೋದರಮಾವನ ಹೆಂಡತಿ ಸುಮಿತ್ರತ್ತೆ ಮದುಮಗಳಿಗೆ ಅರಿಶಿನ ಹಚ್ಚುವಾಗ ಒಂದು ಹಾಡು ಹೇಳುತ್ತಾರೆ. ಈಗ ಅದು ಬರುವುದು ಅವರೊಬ್ಬರಿಗೇ. ಸದಾಶಿವಗಡದ ಸ್ಟುಡಿಯೋದಲ್ಲಿ ಅದನ್ನು ಧ್ವನಿಮುದ್ರಿಸಿ, ಮೊಬೈಲಿನಲ್ಲಿ ಊರೆಲ್ಲ ಕೇಳುವಂತೆ ಬಿಡಬೇಕೆಂದು ನಾನೇ ಹೊರಟೆ. ಹಾಡನ್ನು ಮೊಬೈಲಿಗೆ ಬಿಡುವ ಕಂಪನಿಯವರ ಫಾರ್ಮಿನಲ್ಲಿ ಕಲಾವಿದರ ಹೆಸರು ಎಂಬಲ್ಲಿ 'ಶ್ರೀಮತಿ ಸುಮಿತ್ರಾ, ಅಮದಳ್ಳಿ, ಇವರ ಸುಮಧುರ ಕಂಠದಲ್ಲಿ' ಎಂದು ತುಂಬಿದೆ. ಹಾಡಿನ ಹೆಸರು ಕೇಳಿದರೆ ಅತ್ತೆ, "ಹಾಡಿಗೆ ಎಂತಾ ಹೆಸರು ಮಾರಾಯ, ಅರಿಶಿನ ಹಚ್ಚೂವಾಗ ಹೇಳೂದು ಅಷ್ಟೇ" ಎಂದರು. ಅದನ್ನೂ ಹಾಗೆಯೇ ಬರೆದು, ಕಂಸದಲ್ಲಿ 'ಬಹಳ ಹಳೆಯದು' ಎಂದು ಸೇರಿಸಿದೆ.

ಫಾರ್ಮು ವಾಪಸು ಬಂತು. ಗೌರವಸೂಚಕ ಬೇಡ, ಊರು ಬೇಡ, ಹೊಗಳಿಕೆ ಬೇಡ, ವಿವರಣೆ ಬೇಡ. ನಮ್ಮ ಶಾಸನಗಳಲ್ಲಿ ಅರ್ಧ ಕಲ್ಲು ಬಿರುದಿಗೇ ಮುಗಿದು ಆಮೇಲೆ ರಾಜ ಬರುತ್ತಾನೆ. ಆ ಕಾಲದಲ್ಲಿ ಈ ಫಾರ್ಮು ಇದ್ದಿದ್ದರೆ ಕಲ್ಲುಕುಟಿಗರಿಗೆ ಎಷ್ಟು ಬಿಡುವು ಸಿಗುತ್ತಿತ್ತೋ. ನಾನು ಹಲ್ಲು ಕಚ್ಚಿಕೊಂಡು 'ಅರಿಶಿನ ಹಾಡು' ಎಂದೂ 'ಸುಮಿತ್ರಾ' ಎಂದೂ ಬರೆದು ಅತ್ತೆಗೆ ತೋರಿಸಿದೆ.

"ಇದು ಬ್ಯಾಡ. ಗುಲಾಬಿ ಅಂತ ಹಾಕು."

ಗುಲಾಬಿ ಯಾರೆಂದು ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಮದುವೆಯ ದಿನ ಗಂಡ ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಆ ಗಳಿಗೆಯಿಂದ ಹಳೆಯ ಹೆಸರಿಗೆ ನಿವೃತ್ತಿ. ಅತ್ತೆ ಅಂಕೋಲೆಯ ತವರಿನಲ್ಲಿ ಗುಲಾಬಿಯಾಗಿದ್ದರಂತೆ. ನನಗೆ ನಿಜಕ್ಕೂ ನಾಚಿಕೆಯಾಯಿತು. ಇಷ್ಟು ಪತ್ರಿಕೆ ಬರೆದವನು ಇದನ್ನೊಮ್ಮೆಯೂ ಕೇಳಿರಲಿಲ್ಲ.

ಮಾವನ ಮುಖ ಇಳಿಯಿತು. "ನಾ ಇಟ್ಟ ಹೆಸರು ಎಂತಾ ಹಾಳಾಗಿತ್ತು?"

ರಾಜಿ ಮಾಡಿಸಲು 'ಸುಮಿತ್ರಾ ಉರ್ಫ್ ಗುಲಾಬಿ' ಎಂದು ಕಳಿಸಿದೆ. ಒಬ್ಬರಿಗೆ ಒಂದೇ ಹೆಸರು, ಮುಂದಿನ ಹಾಡುಗಳಿಗೂ ಅದೇ, ಯೋಚಿಸಿ ಬರೆಯಿರಿ ಎಂದು ಉತ್ತರ ಬಂತು. ಯೋಚಿಸುವ ಕೆಲಸ ಅತ್ತೆ ಮಾಡಿ ಮುಗಿಸಿದ್ದರು.

"ಹಾಡು ನಿಮ್ಮ ಮನೇಲಿ ಕಲ್ತದ್ದಲ್ಲ," ಎಂದರು ಮಾವನಿಗೆ. "ನನ್ನ ಆಯಿ ಕಲಿಸಿದ್ದು. ಅವಳು ಕಲಿಸಿದ್ದು ಗುಲಾಬಿಗೆ. ಸುಮಿತ್ರಾ ಯಾರು ಅಂತ್ಲೇ ಅವಳಿಗೆ ಕಡೀವರೆಗೂ ರೂಢಿ ಆಗ್ಲಿಲ್ಲ."

ಮಾವ ಎರಡು ದಿನ ಮಾತು ಬಿಟ್ಟರು. ಹಾಡು ಗುಲಾಬಿಯ ಹೆಸರಲ್ಲೇ ಬಿಡುಗಡೆಯಾಯಿತು. ನಾನು ಹೋದಾಗ ಮಾವ ಜಗಲಿಯಲ್ಲಿ ಮೊಬೈಲನ್ನು ಕಿವಿಗೆ ಹಿಡಿದು ಕೂತಿದ್ದರು. ಹಾಡು ಮುಗಿಯಿತು, ಮತ್ತೆ ಹಚ್ಚಿದರು. ಆಮೇಲೆ ಅಂಗಳದತ್ತ ನೋಡುತ್ತ, ಪರರ ಮನೆಯ ಹೆಣ್ಣನ್ನು ಕರೆದಷ್ಟು ಸಂಕೋಚದಿಂದ, "ಗುಲಾಬೀ, ಚಾ ಆಯ್ತನೇ?" ಎಂದರು.

ಒಳಗೆ ಪಾತ್ರೆ ಕೆಳಗಿಟ್ಟ ಸದ್ದಾಯಿತು.

"ಗುಲಾಬಿಗೆ ಚಾ ಮಾಡೂಕೆ ಬರೂದಿಲ್ಲ," ಎಂದರು ಅತ್ತೆ. "ಅದೆಲ್ಲ ಇಲ್ಲಿಗೆ ಬಂದ ಮೇಲೆ ಸುಮಿತ್ರಾ ಕಲ್ತದ್ದು."

ಮಾವ ನನ್ನ ಮುಖ ನೋಡಿದರು. ಎದ್ದು ಒಳಗೆ ಹೋಗಿ, ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳಿದರು.