ಕರೆಯದೆ ಬಂದು ಕೂರುವ ಜಾಗ

ಯುದ್ಧನೌಕೆಯ ನಾಯಕರಾಗಿದ್ದು, ಕಮೋಡೋರ್ ಪದವಿಯಿಂದ ನಿವೃತ್ತರಾದ ಮೇಲೆ ರೈತರದೇ ಒಂದು ತರಕಾರಿ ಕಂಪನಿಯನ್ನು ಬಂಗಾರಪೇಟೆಯಲ್ಲಿ ಕಟ್ಟಿ ನಿಲ್ಲಿಸಿದವರು ನಮ್ಮ ಸೀಮೆಯಲ್ಲಿ ಶ್ರೀ ಜಯರಾಮಪ್ಪನವರೊಬ್ಬರೇ. ಕ್ಯಾಸಂಬಳ್ಳಿಯ ರಾಗಿ ಹೊಲದಿಂದ ಸಮುದ್ರಕ್ಕೆ ಹೋಗಿ, ಮತ್ತೆ ಅದೇ ಮಣ್ಣಿಗೆ ಮರಳಿದ ಈ ಹಿರಿಯರು ಬರುವ ಯುಗಾದಿಗೆ ಆಡಳಿತ ನಿರ್ದೇಶಕರ ಹೊಣೆಯನ್ನು ಇಳಿಸುತ್ತಿದ್ದಾರೆ. ಆರಂಭದಿಂದಲೂ ಅವರ ಕೈಕೆಳಗೆ ಖರೀದಿ ವಿಭಾಗ ನೋಡಿಕೊಂಡ ನನಗೆ ಅವರ ಬಗ್ಗೆ ನಾಲ್ಕು ಮಾತು ಬರೆಯುವ ಭಾಗ್ಯ ಒದಗಿದೆ.

ಹಡಗಿನಲ್ಲಿ ಅವರು ಆಡಿದ್ದೇ ಅಪ್ಪಣೆ. ಆ ಅಭ್ಯಾಸದಲ್ಲೇ ಮೊದಲ ಸಭೆಯಲ್ಲಿ ತೀರ್ಮಾನಗಳನ್ನು ಓದಿ ಹೇಳಿ ಎದ್ದು ನಿಂತರು. ನಿರ್ದೇಶಕರಲ್ಲಿ ಹಿರಿಯ ರೈತರಾದ ಕೋದಂಡಪ್ಪನವರು ಬೆರಗಿನಿಂದ, "ಇದೇನ್ ಸಾರ್, ನಾವಿನ್ನೂ ಜಗಳಾನೇ ಆಡಿಲ್ಲ, ಆಗ್ಲೇ ಮೀಟಿಂಗ್ ಮುಗೀತಾ?" ಎಂದರು. ಜಯರಾಮಪ್ಪನವರು ಮತ್ತೆ ಕುಳಿತರು. ಅಂದಿನಿಂದ ಜಗಳ ಪೂರ್ತಿ ಮುಗಿಯುವವರೆಗೆ ಕಾದು, ಆಮೇಲೆ ಮಾತಾಡುವುದನ್ನು ರೂಢಿಸಿಕೊಂಡರು. ಕಂಪನಿ ಬೇರು ಬಿಟ್ಟದ್ದು ಆ ತಾಳ್ಮೆಯಿಂದ.

ತೂಕ ಹಾಕುವ ಸೆಲ್ವರಾಜ್ ಹೆಂಡತಿಯ ಹೆರಿಗೆಗೆಂದು ಆಸ್ಪತ್ರೆಯಲ್ಲಿ ಉಳಿದಾಗ, ಅವನ ಸ್ಟೂಲಿನ ಮೇಲೆ ತಾವೇ ಕುಳಿತು ಟೊಮೆಟೊ ಕ್ರೇಟು ತೂಗಿದರು. ಹಡಗಿನಲ್ಲಿ ಒಬ್ಬನ ಕಾವಲಿಗೆ ಇನ್ನೊಬ್ಬ ನಿಲ್ಲುವುದು ವಾಡಿಕೆ ಎಂದಷ್ಟೇ ಹೇಳಿದರು.

ಇಷ್ಟಾದರೂ ಮಧ್ಯಾಹ್ನದ ಊಟ ಮಾತ್ರ ಅವರದು ಒಂಟಿ. ಹೊಂಗೆ ಮರದಡಿ ನಾವೆಲ್ಲ ಬುತ್ತಿ ಬಿಚ್ಚುವ ಹೊತ್ತಿಗೆ ಅವರು ಬಾಗಿಲಿಗೆ ಬಂದು ನಮ್ಮ ಕಡೆ ಒಂದಿಷ್ಟು ಹೊತ್ತು ನೋಡಿ, ಒಳಗೆ ಹೋಗಿ ಬಾಗಿಲು ಓರೆ ಮಾಡಿಕೊಳ್ಳುತ್ತಿದ್ದರು. ಆಮೇಲೆ ಒಂದೇ ಚಮಚದ ಸದ್ದು. ಪತ್ನಿ ತೀರಿಕೊಂಡ ಮೇಲೆ ಊರಿಗಾಂನ ಅವರ ಮನೆಯಲ್ಲೂ ತಟ್ಟೆ ಒಂದೇ ಎಂಬುದು ನಮಗೆ ಗೊತ್ತಿತ್ತು. ಆದರೂ ನಮ್ಮ ಬಾಯಿಗೆ ಬಂದ ಮಾತು 'ದೊಡ್ಡಸ್ತಿಕೆ' ಎಂಬುದೇ. ಅವರ ಮೊದಲ ಅವಧಿ ಮುಗಿಯುತ್ತಾ ಬಂದಾಗ ಕೋದಂಡಪ್ಪನವರು ಎಲ್ಲರೆದುರೇ ಹೇಳಿಬಿಟ್ಟರು: "ನಮ್ ಜೊತೆ ಉಣ್ಣದೋರು ನಮ್ಮೋರು ಎಂಗಾಯ್ತಾರೆ? ಬೇರೆ ಯಾರ್ನಾದ್ರೂ ನೋಡಾನ."

ಮರುದಿನ, ಟೊಮೆಟೊ ಕಾಯಿ ಆರಿಸುವ ವರಲಕ್ಷ್ಮಮ್ಮ ನೇರವಾಗಿ ಅವರ ಬಾಗಿಲಿಗೆ ಹೋಗಿ ನಿಂತರು. ಆಕೆ ಅವರದೇ ಊರಿನವರು. ಅವರನ್ನು ಸಾರ್ ಎನ್ನದೆ ಇದ್ದವರು ಆಕೆಯೊಬ್ಬರೇ.

"ಏನ್ ಜಯರಾಮಣ್ಣ, ನಮ್ ಮುದ್ದೆ ನಿನ್ ಗಂಟ್ಲಾಗೆ ಇಳಿಯಾಕಿಲ್ವಾ?"

ಜಯರಾಮಪ್ಪನವರು ಕುರ್ಚಿಯಿಂದ ಎದ್ದು ನಿಂತರು. "ನೀವು ಯಾರೂ ಕರೀಲೇ ಇಲ್ವಲ್ಲಮ್ಮ" ಎಂದರು.

ಹಡಗಿನ ನಾಯಕ ತನ್ನ ಕೋಣೆಯಲ್ಲಿ ಒಬ್ಬನೇ ಉಣ್ಣಬೇಕು, ಉಳಿದ ಅಧಿಕಾರಿಗಳು ಕರೆದರೆ ಮಾತ್ರ ಅವರ ಊಟದ ಮನೆಗೆ ಹೋಗಬೇಕು, ಕರೆಯದೆ ಹೋದರೆ ಅವರ ಮಾತುಕತೆಗೆ ಅಡ್ಡಿ ಎಂಬುದು ಅಲ್ಲಿನ ಪದ್ಧತಿಯಂತೆ. ಅಷ್ಟು ವರ್ಷ ಅವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದುದು ನಮ್ಮಲ್ಲಿ ಯಾರಾದರೂ ಕರೆದಾರೆಂದೇ.

ವರಲಕ್ಷ್ಮಮ್ಮ ಕೆನ್ನೆಗೆ ಕೈಯಿಟ್ಟುಕೊಂಡರು. "ಅಯ್ಯೋ ನಿನ್ನ! ಕರೆಯಾಕೆ ನೀನೇನ್ ನೆಂಟ್ನಾ? ಮನೆಯೋರ್ನ ಯಾರಾನ ಊಟಕ್ಕೆ ಕರೀತಾರಾ? ಅವ್ರೇ ಬಂದು ಕೂತ್ಕೋತಾರೆ."

ಅಂದು ಜಯರಾಮಪ್ಪನವರು ಬುತ್ತಿ ಹಿಡಿದು ಮರದಡಿ ಬಂದರು. ಕೋದಂಡಪ್ಪನವರೇ, "ಜರುಗ್ಲಾ ಸೆಲ್ವರಾಜು, ಜಾಗ ಬಿಡು" ಎಂದರು. ಬೇರೆಯವರನ್ನು ಹುಡುಕುವ ಮಾತು ಮತ್ತೆ ಏಳಲಿಲ್ಲ.

ಆದರೆ ಅಭ್ಯಾಸ ಪೂರ್ತಿ ಹೋಗಲಿಲ್ಲ. ಕೂರುವ ಮುನ್ನ ಈಗಲೂ ಒಮ್ಮೆ ಸುತ್ತ ನೋಡುತ್ತಾರೆ, ಅನುಮತಿ ಕೇಳುವವರ ಹಾಗೆ. ಕಳೆದ ವಾರ ನನ್ನೊಡನೆ, "ಯುಗಾದಿ ಆದ್ಮೇಲೆ ಮಧ್ಯಾಹ್ನ ಬರೋದು ಸರಿಯಲ್ಲ. ಹಡಗು ಬಿಟ್ಟ ನಾಯಕ ಕರೆಯದೆ ಮತ್ತೆ ಹತ್ತಬಾರದು" ಎಂದರು. ಊರಿಗಾಂನ ಆ ಮನೆಯ ಒಂದೇ ತಟ್ಟೆ ನನ್ನ ಕಣ್ಣ ಮುಂದೆ ಬಂತು.

ಪೂಜ್ಯರಿಗೆ ಆಯುರಾರೋಗ್ಯ ತುಂಬಿ ಬರಲಿ. ಹೊಸ ಶೀತಲಗೃಹದ ಕೆಲಸಕ್ಕೆ ಅವರ ಬುದ್ಧಿಮಾತು ಇನ್ನೂ ಬಹುಕಾಲ ದೊರೆಯಲಿ. ಒಂದು ವಿಷಯವನ್ನು ಮಾತ್ರ ನಾವೆಲ್ಲರೂ ಸೇರಿ, ಜಗಳವಿಲ್ಲದೆ, ತೀರ್ಮಾನಿಸಿದ್ದೇವೆ. ಯುಗಾದಿ ಕಳೆದ ಮೇಲೂ ಮರದಡಿ ಕೋದಂಡಪ್ಪನವರ ಪಕ್ಕದ ಜಾಗ ಜಯರಾಮಪ್ಪನವರಿಗೆಂದೇ ಖಾಲಿ ಇರುತ್ತದೆ. ಆದರೆ ಅವರನ್ನು ನಾವು ಯಾರೂ ಊಟಕ್ಕೆ ಕರೆಯುವುದಿಲ್ಲ.